ನನ್ನ ಪಿತ್ತಕೋಶದ ಪಾಠ

ಮಾಸ್ತರಿಕೆ ಮಾಡುವವರಿಗೆಲ್ಲ, ತಾವು ಮಾತಾಡುವುದರಿಂದಲೇ ಮಕ್ಕಳು ಕಲಿಯುತ್ತಾರೆ ಎಂಬ ಭ್ರಮೆ ಇರುತ್ತದೆ. ನನಗೆ ಅದು ತುಸು ಹೆಚ್ಚೇ ಇತ್ತು. ಗದಗಿನ ನರ್ಸಿಂಗ್ ಕಾಲೇಜೊಂದರಲ್ಲಿ ನಾನು ವೈದ್ಯಕೀಯ ಪದಗಳನ್ನು ಕಲಿಸುತ್ತೇನೆ. ‘ಕೋಲಿ’ ಎಂದರೆ ಪಿತ್ತ, ‘ಸಿಸ್ಟ್’ ಎಂದರೆ ಚೀಲ, ‘ಎಕ್ಟಮಿ’ ಎಂದರೆ ಕೊಯ್ದು ತೆಗೆಯುವುದು ಎಂದು ಬಣ್ಣದ ಚಾರ್ಟು ತೂಗುಹಾಕಿ ಗಂಟಲು ಹರಿಯುವಂತೆ ಹೇಳಿಕೊಡುತ್ತೇನೆ. ಹಿರೇವಡ್ಡಟ್ಟಿಯ ಗಿರಿಜಾ ಮಾತ್ರ, ತಿರುಗಿ ಕೇಳಿದರೆ ‘ಕೋಲಿ’ ಎಂದು ಶುರು ಮಾಡಿ ಅಲ್ಲೇ ನಿಂತುಬಿಡುತ್ತಿದ್ದಳು. ಒಮ್ಮೆ ಫೇಲಾಗಿದ್ದಳು, ಇನ್ನೊಮ್ಮೆ ಆದರೆ ಕಾಲೇಜು ಬಿಡಿಸುತ್ತೇನೆಂದು ಅವಳಪ್ಪ ಹೇಳಿಹೋಗಿದ್ದರು. ನಾನು ಬಹಳ ಚಿಂತೆ ಮಾಡಿ ಇನ್ನೊಂದು ಚಾರ್ಟು ಬರೆದೆ.

ಅಷ್ಟರಲ್ಲಿ ನನ್ನ ಪಿತ್ತಕೋಶದಲ್ಲೇ ಹರಳಾಗಿ, ಆ ಕೋಶವನ್ನೇ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗುವ ಹಾಗಾಯಿತು. ಗಿರಿಜಾಳನ್ನು ತರಬೇತಿಗೆ ಹಾಕಿದ್ದೂ ಅದೇ ವಾರ್ಡಿಗೆ. ನಮ್ಮ ಕಡೆ ಒಬ್ಬರು ಆಸ್ಪತ್ರೆ ಸೇರಿದರೆ ಬಳಗಕ್ಕೆ ಬಳಗವೇ ಬಾಳೆಹಣ್ಣು ಹಿಡಿದು ನೋಡಲು ಬರುತ್ತದೆ. ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ ಗಾಡಿ ಮಾಡಿಕೊಂಡು ಬಂದರು. ಎಲ್ಲರದೂ ಒಂದೇ ಪ್ರಶ್ನೆ: ಏನಾಗಿದೆ? ವಿವರಿಸಲು ನಾನು ಬಾಯಿ ತೆರೆದರೆ ಹೆಂಡತಿ, “ಹೊಲಿಗಿ ಬಿಚ್ಚತಾವ, ಸುಮ್ನ ಮಕ್ಕೋರಿ. ಗಿರಿಜಾ, ನೀ ಹೇಳವಾ,” ಎಂದಳು.

“ಸರ್‌ಗೆ ಕೋಲಿ... ಕೋಲಿಸಿಸ್ಟೆಕ್ಟಮಿ ಆಗೇತ್ರಿ.”

“ಹಂಗಂದ್ರೇನವಾ? ನಮಗ ತಿಳಿಯೂ ಹಂಗ ಹೇಳು,” ಎಂದಳು ಮುಂಡರಗಿಯ ನಮ್ಮ ಸೋದರತ್ತೆ.

“ಪಿತ್ತದ ಚೀಲ ಕೊಯ್ದು ತೆಗದಾರ್ರಿ ಅಮ್ಮಾ.”

“ಅಯ್ಯ, ಚೀಲಾನ ತೆಗದ್ರ ಪಿತ್ತ ಎಲ್ಲಿಗೆ ಹೋಗತೈತಿ?”

“ಸೀದಾ ಕರುಳಿಗೆ ಇಳೀತೈತ್ರಿ.”

ಒಂದು ತಂಡ ಎದ್ದರೆ ಇನ್ನೊಂದು ಬಂದು ಕೂಡುತ್ತಿತ್ತು. ಗಿರಿಜಾ ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಸಂಜೆಯ ಹೊತ್ತಿಗೆ ಆ ಪದ ಅವಳ ಬಾಯಲ್ಲಿ ಚುರುಮುರಿಯಷ್ಟು ಹಗುರಾಗಿತ್ತು. ಹೊರಡುವ ಮುಂಚೆ ಅತ್ತೆ, “ನಂದು ಗರ್ಭಕೋಶ ತೆಗದಾರಲ್ಲ, ಅದಕ್ಕೇನಂತಾರ?” ಎಂದು ಕೇಳಿದಳು.

“ಹಿಸ್ಟರೆಕ್ಟಮಿ ಅಂತಾರ್ರಿ,” ಎಂದಳು ಗಿರಿಜಾ, ಒಂಚೂರೂ ತಡವರಿಸದೆ. ನನಗೆ ಕಣ್ಣು ತುಂಬಿ ಬಂತು. ಖುಷಿಯಂತೂ ಆಯಿತು. ಜೊತೆಗೆ, ಇಷ್ಟು ದಿನ ಗಂಟಲು ಹರಿದುಕೊಂಡರೂ ಆಗದ ಕೆಲಸ ನಾನು ತೆಪ್ಪಗೆ ಮಲಗಿದ ಒಂದೇ ದಿನದಲ್ಲಿ ಆಯಿತಲ್ಲ ಎಂದು ನಾಚಿಕೆಯೂ ಆಯಿತು.

ಗಿರಿಜಾ ಪಾಸಾದಳು. ರಜೆ ಮುಗಿಸಿ ತರಗತಿಗೆ ಹೋದರೆ ಹುಡುಗಿಯರೆಲ್ಲ ಹಿಂದೆಂದೂ ಇಲ್ಲದ ಪ್ರೀತಿಯಿಂದ ಎದ್ದು ನಿಂತರು. ಹಿಂದಿನ ಬೆಂಚಿನವಳೊಬ್ಬಳು ಬಹಳ ವಿನಯದಿಂದ, “ಸರ್, ಮುಂದಿನ ಪಾಠ ಕಿಡ್ನಿದೈತ್ರಿ. ನೀವು ಯಾವಾಗ ಅಡ್ಮಿಟ್ ಆಗ್ತೀರ್ರಿ?” ಎಂದಳು.

ಬೈಯಬೇಕೆಂದೇ ಇದ್ದೆ. ಆದರೆ, ಹೇಗೂ ಎರಡಿವೆಯಲ್ಲ ಎಂದು ಒಂದು ಕ್ಷಣ ಯೋಚಿಸಿದ್ದೂ ಸುಳ್ಳಲ್ಲ.