ಗಂಗಾಧರನ ಕೋತಿ ಮಿಷನ್ನು

ಎಲ್ಲದಕ್ಕೂ ಮೂಲ ಆ ಕೋತಿಗಳು. ದಂಡಿನಶಿವರದ ಗಂಗಾಧರ ಬೆಳಿಗ್ಗೆ ತಿಂಡಿ ತಿಂದು ತೋಟಕ್ಕೆ ಹೋದರೆ ಕತ್ತಲಾಗುವವರೆಗೂ ತಗಡಿನ ಡಬ್ಬ ಬಡಿಯುತ್ತ ಕೂರಬೇಕು. ಅವು ಎಳನೀರು ಕಿತ್ತು, ಎರಡು ಗುಟುಕು ಕುಡಿದು, ಬುರುಡೆಯನ್ನು ಅವನ ತಲೆಗೇ ಗುರಿಯಿಟ್ಟು ಎಸೆಯುತ್ತಿದ್ದವು. ಮನೆಯ ಜಗುಲಿಯ ಮೇಲೆ ಒಂದು ದಿನವಾದರೂ ಕಾಲು ಚಾಚಿ ಮಲಗಬೇಕು, ಅಷ್ಟೇ ಅವನ ಆಸೆ. ಅದಕ್ಕೇ ಫೋನಿನಲ್ಲಿ ನೋಡಿ ಒಂದು ಸೈರನ್ ತರಿಸಿದ್ದ. ಎದುರಿಗೆ ಏನು ಅಲ್ಲಾಡಿದರೂ ತಾನೇ ಕೂಗಿಕೊಳ್ಳುತ್ತದಂತೆ. ಅದರ ಸೆಲ್ ಡಬ್ಬಿಗೆ ವೈರು ಬೆಸೆಯುವ ಕೆಲಸ ಮಾತ್ರ ಕೊಂಡವರದೇ.

"ಮೊದ್ಲು ಅದು ಕೂಗ್ಲಿ, ಆಮೇಲೆ ನಿಮ್ ನಿದ್ದೆ ಮಾತು," ಎಂದಳು ಹೆಂಡತಿ ಪುಷ್ಪಲತಾ.

ಎರವಲು ತಂದ ಬೆಸುಗೆ ಕಡ್ಡಿಯನ್ನು ಕಾಯಲಿಟ್ಟು ಗಂಗಾಧರ ಕೊಬ್ಬರಿ ಅಟ್ಟದ ಕೆಳಗೆ ಕೂತ. ಅಷ್ಟರಲ್ಲಿ ಪಕ್ಕದ ತೋಟದ ಲಕ್ಕಯ್ಯ ಹಾಜರು. ಬಂದವನೇ ಒಂದು ಸೆಲ್ಲನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದ.

"ಇನ್ನೂ ಹಸಿ ಕಣ್ಲಾ ಇದು. ಒಳಗೆ ಗುಡುಗುಡು ಅಂತಾನೇ ಇಲ್ಲ."

"ಅಣ್ಣ, ಅದು ಸೆಲ್ಲು, ಕೊಬ್ಬರಿ ಅಲ್ಲ!"

"ಯಾವ್ದಾದ್ರೇನ್ಲಾ? ಹದಕ್ಕೆ ಬಂದ್ಮೇಲೆ ಅಲ್ಲಾಡ್ಬೇಕು. ಡಬ್ಬಿಗೆ ಹಾಕ್ ನೋಡು, ಜೀವ ಐತೋ ಇಲ್ವೋ ಗೊತ್ತಾಯ್ತದೆ," ಎಂದು ತಾನೇ ಎಲ್ಲ ಸೆಲ್ಲುಗಳನ್ನೂ ಡಬ್ಬಿಗೆ ತುರುಕಿದ.

ಸೆಲ್ಲು ಇದ್ದಂತೆಯೇ ಗಂಗಾಧರ ಬೆಸೆಯತೊಡಗಿದ. ಬರಿಯ ವೈರಿನ ತುದಿಗಳೆರಡೂ ಒಂದಕ್ಕೊಂದು ತಾಕಿ ಚಟ್ಟೆಂದು ಕಿಡಿ ಹಾರಿತು. ವೈರು ಬಿಸಿಯಾಗಿ ಬೆರಳು ಸುಟ್ಟಿತು. "ಅಯ್ಯಮ್ಮಾ!" ಎಂದು ಅವನು ಬೆರಳನ್ನು ಬಾಯಿಗಿಟ್ಟುಕೊಂಡಾಗ ಕಡ್ಡಿ ಡಬ್ಬಿಯ ಮೇಲೇ ಉಳಿಯಿತು. ಪ್ಲಾಸ್ಟಿಕ್ ಕರಗಿ, ವೈರು ಬೆಸೆಯಬೇಕಿದ್ದ ತಗಡಿನ ತುದಿ ಮದುವೆಮನೆಯಲ್ಲಿ ತೂಕಡಿಸುವ ಅಜ್ಜನ ಹಾಗೆ ವಾಲಿಕೊಂಡಿತು. ಹೊಗೆ ನೇರವಾಗಿ ಅಟ್ಟಕ್ಕೇರಿತು.

"ಕೊಬ್ಬರಿ ಅಟ್ಟಕ್ಕೆ ಬೆಂಕಿ ಬಿತ್ತು ಕಣ್ರಪ್ಪೋ!"

ಹೀಗೆ ಕೂಗುತ್ತಲೇ ಪಕ್ಕದ ಮನೆಯ ಹುಚ್ಚಕ್ಕ ಓಡಿ ಬಂದಳು. ಬಾಗಿಲಲ್ಲಿ ಎಮ್ಮೆಗೆಂದು ಇಟ್ಟಿದ್ದ ಕಲಗಚ್ಚಿನ ಬಕೆಟ್ಟನ್ನೇ ಎತ್ತಿ ಸುರಿದಳು. ಫ್ಯೂಸ್ ಹೋಯಿತು. ಗಂಗಾಧರನ ಕಿವಿಯಲ್ಲಿ ಮುದ್ದೆ ಚೂರು, ಮೀಸೆಯಲ್ಲಿ ಈರುಳ್ಳಿ ಸಿಪ್ಪೆ. ತನ್ನ ಊಟ ಅವನ ಮೈಮೇಲೆ ಹರಿಯುವುದನ್ನು ಕಂಡು ಎಮ್ಮೆ ಕೊಟ್ಟಿಗೆಯಿಂದಲೇ ಅಂಬಾ ಎಂದಿತು.

ಪುಷ್ಪಲತಾ ಪ್ಲಗ್ಗು ಕಿತ್ತು, ಅವನ ಬೆರಳಿಗೆ ತಣ್ಣೀರು ಬಿಟ್ಟು, ಎಲ್ಲವನ್ನೂ ಒರೆಸಿ ಒಣಗಿಸಿದಳು. "ಮೊದ್ಲು ಸೆಲ್ಲು ತೆಗೀರಿ. ಒಗ್ಗರಣೆ ಹಾಕೋದ್ ನೋಡಿಲ್ವಾ? ಎಣ್ಣೆ ಕಾದ್ಮೇಲೆ ಸಾಸಿವೆ. ಚಟಪಟ ಅಂದ ತಕ್ಷಣ ಇಳಿಸ್ಬೇಕು. ಅಲ್ಲೇ ಬುಟ್ರೆ ಬಾಂಡ್ಲಿನೇ ಸೀದೋಯ್ತದೆ."

ಫ್ಯೂಸ್ ಹಾಕಿ, ಕಿಟಕಿ ತೆರೆದು, ಅವನು ಹಾಗೆಯೇ ಮಾಡಿದ. ವಾಲಿದ ತುದಿಯನ್ನು ನೆಟ್ಟಗೆ ಮಾಡಿ ಉಜ್ಜಿ, ವೈರು ಸುತ್ತಿ, ಕಡ್ಡಿ ತಾಕಿಸಿ, ಬೆಸುಗೆ ಕರಗಿದೊಡನೆ ತೆಗೆದ. ಬೆಸುಗೆ ಮೂಗುತಿಯ ಹರಳಿನ ಹಾಗೆ ಹೊಳೆಯಿತು. ಎಲ್ಲ ಆರಿದ ಮೇಲೆಯೇ ಸೆಲ್ಲು ಹಾಕಿದ.

ಸಂಜೆ ಸೈರನ್ನನ್ನು ತೋಟದಲ್ಲಿ ಕಟ್ಟಿ, ಎಲ್ಲರೂ ಮರಗಳ ಹಿಂದೆ ಅಡಗಿದರು. ಕೋತಿಗಳ ಹಿಂಡು ಇಳಿಯಿತು. ಸೈರನ್ ಹೆರಿಗೆ ನೋವು ಬಂದವರಂತೆ ಕಿರುಚಿತು! ಕೋತಿಗಳು ಬಾಲ ಎತ್ತಿಕೊಂಡು ದಬ್ಬೇಘಟ್ಟದ ಕಡೆ ಹಾರಿದವು. ಹುಚ್ಚಕ್ಕ ಚಪ್ಪಾಳೆ ತಟ್ಟಿದಳು. ಗಂಗಾಧರನ ಕಣ್ಣಲ್ಲಿ ಆಗಲೇ ಜಗುಲಿ, ಚಾಪೆ, ದಿಂಬು.

ಲಕ್ಕಯ್ಯ ತಲೆ ಕೆರೆದುಕೊಂಡ. "ಭಲೇ ಮಿಷನ್ನು ಕಣ್ಲಾ. ಆದ್ರೆ ಮೊನ್ನೆ ಕಳ್ರು ನನ್ ಮೋಟ್ರು ಕೇಬಲ್ಲೇ ಕುಯ್ಕೊಂಡ್ ಹೋದ್ರು. ಇದನ್ನ ಬುಡ್ತಾರಾ?"

ಪುಷ್ಪಲತಾಳ ಮುಖ ಸಣ್ಣದಾಯಿತು. ಗಂಗಾಧರ ಗಾಬರಿಯಾಗಿ, "ಕಳ್ಳ ಬಂದ್ರೂ ಕೂಗ್ತದೆ ಕಣೇ!" ಎಂದ.

"ಕೂಗಿದ್ರೆ ಕೇಳಿಸ್ಕೊಂಡು ಹಿಡಿಯಕ್ಕೆ ಇಲ್ಲೊಬ್ರು ಬ್ಯಾಡ್ವಾ? ಹಗಲೂ ರಾತ್ರಿ ಒಬ್ರು ಇರ್ಲೇಬೇಕು," ಎಂದಳು ಅವಳು.

ಕತ್ತಲಾಗುವುದರೊಳಗೆ ಚಾಪೆ, ದಿಂಬು, ಬುತ್ತಿ ಎಲ್ಲವೂ ತೋಟಕ್ಕೇ ಬಂದವು. ಎಲ್ಲಾದರೇನು, ನಿದ್ದೆ ಸಿಕ್ಕಿದರೆ ಸಾಕು ಎಂದುಕೊಂಡು ಗಂಗಾಧರ ಸೈರನ್ನಿನ ಎದುರಿಗೇ ಕಾಲು ಚಾಚಿದ.

ಸೈರನ್ ಕಿರುಚಿತು.