ಮುದಿ ಟ್ರ್ಯಾಕ್ಟರಿಗೆ ತಿಳಿ ಎಣ್ಣೆ

ಓದದೆ ನಾನು ಗೋಡೆಗೆ ಒಂದು ಮೊಳೆಯನ್ನೂ ಹೊಡೆದವನಲ್ಲ! ಇಪ್ಪತ್ತೆರಡು ವರ್ಷಗಳಿಂದ ಗ್ರಂಥಾಲಯದ ಕುರ್ಚಿಯಲ್ಲಿ ಕೂತವನಿಗೆ ಜಗತ್ತಿನಲ್ಲಿ ತಿಳಿಯದ ವಿಷಯ ಇರಬಾರದು. ಇದ್ದರೂ ಅದು ಯಾವ ಕಪಾಟಿನಲ್ಲಿದೆ ಎಂದಾದರೂ ಗೊತ್ತಿರಬೇಕು. ಹೀಗಿರುವಾಗ ಒಂದು ಹಳೆಯ ಟ್ರ್ಯಾಕ್ಟರಿಗೆ ಯಾವ ಎಂಜಿನ್ ಆಯಿಲ್ ಸರಿಹೊಂದುತ್ತದೆ ಎಂದು ಕಂಡುಹಿಡಿಯುವುದು ನನಗೆ ಯಾವ ಮಹಾ ಕೆಲಸ?

ಟ್ರ್ಯಾಕ್ಟರು ನನ್ನದಲ್ಲ, ಹೆಂಡತಿಯದು. ಅವಳು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು ಅವಳಪ್ಪ ಕೊಂಡದ್ದು. ಹಾಗಾಗಿ ಅವರ ಮನೆಯಲ್ಲಿ ಅದಕ್ಕೆ ‘ದೊಡ್ಡಣ್ಣ’ ಎಂದೇ ಹೆಸರು. ಹೆಂಡತಿಯ ಅಣ್ಣ ಎಂದಮೇಲೆ ಸಂಬಂಧದಲ್ಲಿ ನನಗೆ ಭಾವ! ಭಾವನಿಗೂ ನನಗೂ ಒಂದೇ ವಯಸ್ಸು, ನಲವತ್ತೆಂಟು. ಬೆಳಗ್ಗೆ ಎಬ್ಬಿಸಿದರೆ ಕೆಮ್ಮುತ್ತಾನೆ, ಮೈಯೆಲ್ಲ ನಡುಗಿಸುತ್ತಾನೆ, ಕಪ್ಪು ಹೊಗೆ ಉಗುಳುತ್ತಾನೆ. ಆಮೇಲೆ ಸಂಜೆಯ ತನಕ ತುಟಿಪಿಟಕ್ಕೆನ್ನದೆ ದುಡಿಯುತ್ತಾನೆ. ಕೆಮ್ಮುವುದರ ತನಕ ನಾವಿಬ್ಬರೂ ಸಮ. ಅಲ್ಲಿಂದಾಚೆಗೆ ಹೆಂಡತಿ ನಮ್ಮಿಬ್ಬರನ್ನು ಹೋಲಿಸಿ ಮಾತಾಡುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಮನೆಯ ಹಿಂದಿನ ಮೂರು ಎಕರೆಯಲ್ಲಿ ಅವಳು ಆಲೂಗಡ್ಡೆ ಬೆಳೆಯುತ್ತಾಳೆ. ಬಿತ್ತನೆಯ ಗಡ್ಡೆಗಳು ಮೊಳಕೆ ಒಡೆದು ನಡುಮನೆಯ ತುಂಬ ಹರಡಿಕೊಂಡಿದ್ದವು. ಸೋಫಾದ ಮೇಲೂ ಅವೇ ಕೂತು, ಒಂದು ವಾರದಿಂದ ನಾನು ಸ್ಟೂಲಿನ ಪಾಲಾಗಿದ್ದೆ. ಸೋಮವಾರದಿಂದ ಮಳೆ ಎಂದು ಮುನ್ಸೂಚನೆ ಬಂದಿತ್ತು. ಭಾನುವಾರದೊಳಗೆ ಉತ್ತು ಬಿತ್ತದಿದ್ದರೆ ಗಡ್ಡೆಯೆಲ್ಲ ಕೊಳೆತು, ಅವಳ ಒಂದು ವರ್ಷ ಮಣ್ಣುಪಾಲು. ಇಂಥ ಹೊತ್ತಿನಲ್ಲೇ ಅವಳ ತಂಗಿ ಮನೆ ಬದಲಾಯಿಸಬೇಕೆ? ಬುಧವಾರ ಬೆಳಗ್ಗೆ ನನ್ನ ಹೆಂಡತಿ ಬ್ಯಾಗು ಹಿಡಿದು ಹೊರಟಳು.

“ರೀ, ದೊಡ್ಡಣ್ಣನಿಗೆ ಆಯಿಲ್ ಬದಲಾಯಿಸ್ಬೇಕು. ಶನಿವಾರ ಬಂದು ನಾನೇ ಹಾಕ್ತೀನಿ. ಯಾವಾಗ್ಲೂ ತರೋದನ್ನೇ ತಂದಿಟ್ಟಿರಿ, ಸಾಕು.”

“ಯಾವಾಗ್ಲೂ ತರೋದೇ ಯಾಕೆ? ಅದಕ್ಕಿಂತ ಒಳ್ಳೇದಿದ್ರೆ?”

“ಇರ್ಲಿ ಬಿಡಿ. ನಮಗೆ ಬೇಡ.”

“ಯಾಕೆ ಬೇಡ ಅಂತ ಯಾವತ್ತಾದ್ರೂ ವಿಚಾರ ಮಾಡಿದೀಯೇನೇ?”

“ಬಸ್ ಬಂತು!” ಎಂದು ಹತ್ತಿಬಿಟ್ಟಳು. ಉತ್ತರ ಇಲ್ಲದವರು ಬಸ್ ಹತ್ತುತ್ತಾರೆ ಎಂದುಕೊಂಡೆ.

ಅಂದು ಸಂಜೆಯೇ ನನ್ನ ತೈಲ ತಪಸ್ಸು ಶುರುವಾಯಿತು! ಗ್ರಂಥಾಲಯದ ನಾಲ್ಕು ಪುಸ್ತಕಗಳನ್ನು ನನ್ನ ಹೆಸರಿಗೇ ಬರೆದುಕೊಂಡು ಮನೆಗೆ ತಂದೆ. ತೆಳು ಎಣ್ಣೆ ಎಂಜಿನ್ನಿನ ಮೂಲೆಮೂಲೆಗೂ ಚಕ್ಕನೆ ಹರಿಯುತ್ತದಂತೆ. ಒಳಗಿನ ಕೊಳೆಯನ್ನೆಲ್ಲ ತೊಳೆಯುತ್ತದಂತೆ. ಬೆಳಗಿನ ಚಳಿಯಲ್ಲೂ ಎಂಜಿನ್ ಕೆಮ್ಮದೆ ಏಳುತ್ತದಂತೆ. ಎಲ್ಲವೂ ಸತ್ಯ. ಹೊಸ ಎಂಜಿನ್ನುಗಳ ಪಾಲಿಗೆ ಸತ್ಯ. ಆ ಒಂದು ಮಾತು ಮುಂದಿನ ಪುಟದಲ್ಲಿತ್ತು. ನಾನು ಹಿಂದಿನ ಪುಟದಲ್ಲೇ ಜ್ಞಾನೋದಯವಾಗಿ ಎದ್ದುಬಿಟ್ಟಿದ್ದೆ.

ಗುರುವಾರ ಗ್ರಂಥಾಲಯದಿಂದಲೇ ಆಯಿಲ್ ಅಂಗಡಿಯವನಿಗೆ ಫೋನು ಮಾಡಿದೆ.

“ವಯಸ್ಸು ನಲವತ್ತೆಂಟು ಕಣ್ರೀ. ಬೆಳಗ್ಗೆ ಏಳೋದೇ ಕಷ್ಟ. ಕೆಮ್ಮು, ನಡುಕ. ಎಣ್ಣೆ ಬಿದ್ರೆ ಎಲ್ಲ ಸರಿಹೋಗುತ್ತೆ.”

“ಸಾರ್, ಹಳೇದಕ್ಕೆ ದಪ್ಪ ಎಣ್ಣೆನೇ ಒಳ್ಳೇದು. ಮೇಡಂ ಯಾವಾಗ್ಲೂ ಅದನ್ನೇ ಒಯ್ತಾರೆ,” ಎಂದ ಅವನು ಆ ಕಡೆಯಿಂದ.

“ಅವಳಿಗೇನ್ರೀ ಗೊತ್ತು? ಅವಳು ಊರಲ್ಲಿಲ್ಲ, ಶನಿವಾರ ಬರ್ತಾಳೆ. ಅಷ್ಟರೊಳಗೆ ಮುಗಿಸಿಬಿಡ್ಬೇಕು. ಎಂಟು ಲೀಟರ್ ಕೊಡಿ. ಅತ್ಯುತ್ತಮದ್ದೇ ಇರ್ಲಿ!”

ಪಕ್ಕದ ಮೇಜಿನಲ್ಲಿ ಪುಸ್ತಕಗಳಿಗೆ ನಂಬರು ಅಂಟಿಸುತ್ತಿದ್ದ ನಮ್ಮ ಸಹೋದ್ಯೋಗಿ ಮೇಡಂ ಕೈಯಲ್ಲಿದ್ದ ಅಂಟು ಹಾಗೇ ಒಣಗಿಹೋಯಿತು. ಆಕೆ ನನ್ನ ಹೆಂಡತಿಯ ಗೆಳತಿ. ಆಕೆಗೆ ಕೇಳಿಸಿದ್ದು ಈ ಕಡೆಯ ಮಾತಷ್ಟೇ.

“ನಾಳೆ ರಜಾ ಹಾಕಿದೀನಿ ಮೇಡಂ,” ಎಂದೆ, ಉತ್ಸಾಹದಲ್ಲಿ.

“ಬೇಕಾಗುತ್ತೆ ಸಾರ್,” ಎಂದರು ಆಕೆ, ಬಹಳ ಮೆಲ್ಲಗೆ.

ಶುಕ್ರವಾರ ಬೆಳಗ್ಗೆ ಸಮರ ಆರಂಭ! ಎಂಜಿನ್ ತೊಳೆಯುವ ದ್ರಾವಣವೊಂದನ್ನೂ ತಂದಿದ್ದೆ. ಹಳೆಯ ಎಣ್ಣೆಗೆ ಅದನ್ನು ಬೆರೆಸಿ ಹತ್ತು ನಿಮಿಷ ಎಂಜಿನ್ ಓಡಿಸಿ ಎಂದು ಡಬ್ಬದ ಮೇಲೆ ಬರೆದಿತ್ತು. ನಲವತ್ತೆಂಟು ವರ್ಷದ ಕೊಳೆಗೆ ಹತ್ತು ನಿಮಿಷ ಏತಕ್ಕೆ ಸಾಲುತ್ತದೆ? ನಲವತ್ತು ನಿಮಿಷ ಓಡಿಸಿದೆ. ಕೆಳಗಿನ ಬೋಲ್ಟು ಬಿಚ್ಚಿದರೆ ಡಾಂಬರಿನಂಥ ದ್ರವ ಸುರಿಯಿತು. ಭಾವನ ಜನ್ಮಾಂತರದ ಪಾಪವೆಲ್ಲ ಕಳೆಯಿತೆಂದು ಹಿಗ್ಗಿದೆ. ಬೋಲ್ಟು ಬಿಗಿದು ಹೊಸ ಎಣ್ಣೆ ಹೊಯ್ದೆ. ಆಹಾ, ಏನು ಬಣ್ಣ, ಏನು ತಿಳಿ! ಜೇನುತುಪ್ಪ ನೀರಾದ ಹಾಗೆ ಹರಿಯಿತು. ಕೀಲಿ ತಿರುಗಿಸಿದೆ. ಕೆಮ್ಮಲಿಲ್ಲ, ನಡುಗಲಿಲ್ಲ, ಒಂದೇ ಸಲಕ್ಕೆ ಎದ್ದ!

ನನ್ನ ಬೆನ್ನು ನಾನೇ ತಟ್ಟಿಕೊಳ್ಳಲು ಕೈ ಎತ್ತಿದ್ದೆ. ಟಪ್.

ಎಂಜಿನ್ನಿನ ತಳದಿಂದ ಒಂದು ಹನಿ. ಅಡುಗೆಮನೆಯಿಂದ ಒಂದು ಬಟ್ಟಲು ತಂದಿಟ್ಟೆ. ಟಪ್, ಟಪ್. ಪಕ್ಕದಿಂದ ಇನ್ನೆರಡು. ಬೋಗುಣಿ ತಂದೆ. ಮುಂದಿನಿಂದ ಸಣ್ಣಗೆ ಒಂದು ಧಾರೆ, ಬಾಣಲೆ ತಂದೆ. ಹಿಂದಿನಿಂದ ಮತ್ತೊಂದು, ಬಟ್ಟೆ ನೆನೆಸುವ ಟಬ್ಬು! ಒಂದೊಂದು ಪಾತ್ರೆಯಲ್ಲಿ ಒಂದೊಂದು ಸ್ವರ. ಜಲತರಂಗ ಕೇಳಿದವರು ಬೇಕಾದಷ್ಟು ಜನ ಇದ್ದಾರೆ, ತೈಲತರಂಗ ಕೇಳಿದವನು ನಾನೊಬ್ಬನೇ! ಅಷ್ಟರಲ್ಲಿ ಆಯಿಲ್ ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಕೆಳಗೆ ಮಲಗತೊಡಗಿತು. ಥಟ್ಟನೆ ಎಂಜಿನ್ ಆರಿಸಿದೆ. ಅಂದು ನಾನು ತೋರಿದ ಬುದ್ಧಿವಂತಿಕೆ ಅದೊಂದೇ ಎಂದು ಆಮೇಲೆ ತೀರ್ಮಾನವಾಯಿತು.

ಎಲ್ಲಿಂದ ಸೋರುತ್ತಿದೆ ನೋಡೋಣವೆಂದು ಅಡಿಗೆ ತೂರಿ ಅಂಗಾತ ಮಲಗಿದೆ. ಅಂಗಿ, ಮುಖ, ತಲೆಗೂದಲು, ಎಲ್ಲ ಎಣ್ಣೆಮಯ. ಆಗ ಅಂಗಳದಲ್ಲಿ ಬಾಡಿಗೆ ಕಾರೊಂದು ನಿಂತ ಸದ್ದಾಯಿತು. ದಡದಡನೆ ಹೆಜ್ಜೆಗಳು. ನನಗೆ ಕಂಡದ್ದು ಎರಡು ಚಪ್ಪಲಿ ಮಾತ್ರ. ಅವನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ!

“ಅಯ್ಯೋ! ಎಷ್ಟು ಹೊತ್ತಿಂದ ಹೀಗೆ ಬಿದ್ದಿದೀರಿ?” ಹೆಂಡತಿ ಕೂಗಿಕೊಂಡಳು.

“ಒಂದರ್ಧ ಗಂಟೆ ಆಯ್ತು ಕಣೇ. ನೀನು ನಾಳೆ ಬರ್ತೀನಿ ಅಂದಿದ್ದೆ?”

“ನಿಮ್ಮ ಲೈಬ್ರರಿ ಮೇಡಂ ಫೋನ್ ಮಾಡಿದ್ರು. ಎಂಟು ಲೀಟರ್ ಎಣ್ಣೆ ತರಿಸಿದೀರಂತೆ! ನಾನು ಬರೋದ್ರೊಳಗೆ ಮುಗಿಸ್ತೀನಿ ಅಂದ್ರಂತೆ! ಈ ವಯಸ್ಸಲ್ಲಿ ನಿಮಗೇನ್ರೀ ಬಂತು? ಎಷ್ಟು ಹೋಗಿದೆ ಒಳಗೆ?”

“ಏಳು ಲೀಟರ್ ಹೋಗಿತ್ತು. ಈಗ ಅರ್ಧ ಆಚೆ ಬಂದಿದೆ,” ಎಂದೆ, ಸತ್ಯಸಂಧನಾಗಿ.

ಅವಳು ಬಗ್ಗಿ ನೋಡಿದಳು. ನನ್ನ ಮುಖ ನೋಡಿದಳು, ಟಬ್ಬು ನೋಡಿದಳು, ಬಾಣಲೆ ನೋಡಿದಳು, ತಿಳಿ ಎಣ್ಣೆಯ ಡಬ್ಬ ನೋಡಿದಳು. ಬೆರಳಲ್ಲಿ ಒಂದು ಹನಿ ಹಿಡಿದು ಉಜ್ಜಿದಳು. ಕಣ್ಣಿನ ಗಾಬರಿ ಇಳಿದು, ಬೇರೇನೋ ಏರಿತು.

“ನೀವೇ ಕುಡಿದಿದ್ರೆ ಬೆಳಗ್ಗೆಗೆ ಇಳಿದುಹೋಗ್ತಿತ್ತಲ್ರೀ! ದೊಡ್ಡಣ್ಣನಿಗೆ ಕುಡಿಸಿಬಿಟ್ರಾ!”

“ನಾನು ಒಳಗೆಲ್ಲ ಶುದ್ಧವಾಗಿ ತೊಳೆದೆ ಕಣೇ…”

“ಅದೇ ತಪ್ಪು! ಅವನ ಸಂದಿಗೊಂದಿ ಮುಚ್ಚಿದ್ದೇ ಆ ಮಡ್ಡಿ. ನೀವು ಅದನ್ನ ತೊಳೆದು, ಮೇಲೆ ನೀರಿನಂಥ ಎಣ್ಣೆ ಹೊಯ್ದಿದೀರಿ. ಸವೆದ ಎಂಜಿನ್ನಲ್ಲಿ ದಪ್ಪ ಎಣ್ಣೆ ನಿಲ್ಲುತ್ತೆ, ತೆಳ್ಳಗಿಂದು ನಿಲ್ಲಲ್ಲ. ಇಷ್ಟೇ ವಿಷಯ. ಏಳಿ ಮೇಲೆ!”

ನಾಲ್ಕು ಪುಸ್ತಕ ಓದಿ ನನಗೆ ತಿಳಿಯದ್ದನ್ನು ಅವಳು ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದಳು. ಸೋಫಾದ ಮೇಲಿನ ಗಡ್ಡೆಗಳು ನೆನಪಾದವು.

“ಭಾನುವಾರಕ್ಕೆ ಆಗುತ್ತೇನೇ?” ಎಂದೆ, ಅಡಿಯಿಂದ ತೆವಳಿ ಹೊರಬಂದು.

“ಆಗ್ಲೇಬೇಕು,” ಎಂದಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ.

ಆಮೇಲಿನ ಒಂದೂವರೆ ದಿನ ಗ್ರಂಥಪಾಲಕನಾದ ನಾನು ಕೈಗೆ ಸ್ಪಾನರು ಕೊಡುವ ಕೆಲಸಕ್ಕೆ ಇಳಿದೆ. “ಹದಿನೇಳು ಕೊಡಿ” ಎಂದರೆ ಹತ್ತೊಂಬತ್ತು ಕೊಟ್ಟೆ. “ಹತ್ತೊಂಬತ್ತು” ಎಂದಾಗ ಅವಳೇ ತೆಗೆದುಕೊಂಡಳು. ಕರಗಿದ ಮಡ್ಡಿಯೆಲ್ಲ ಹೋಗಿ ಆಯಿಲ್ ಫಿಲ್ಟರಿಗೆ ಮೆತ್ತಿಕೊಂಡಿತ್ತು, ಅದನ್ನು ಬಿಸಾಡಿ ಹೊಸದು ಹಾಕಿದಳು. ತಳದ ತಟ್ಟೆ ಬಿಚ್ಚಿ, ಸೋರದಂತೆ ತಡೆಯುವ ಹಳೆಯ ಗ್ಯಾಸ್ಕೆಟ್ಟು ಬಿರಿದಿದ್ದರಿಂದ ಅದನ್ನು ಕಿತ್ತು, ಕಾರ್ಕ್ ಹಾಳೆಯ ಮೇಲೆ ಅಳತೆ ಗೀಚಿ, ಹೊಸದನ್ನು ಕತ್ತರಿಯಲ್ಲಿ ಕತ್ತರಿಸಿ ಕೂಡಿಸಿದಳು. ಶನಿವಾರ ದಪ್ಪ ಎಣ್ಣೆ ತರಲು ತಲೆ ತಗ್ಗಿಸಿಕೊಂಡು ಅಂಗಡಿಗೆ ಹೋದರೆ ಡಬ್ಬ ಆಗಲೇ ಗಲ್ಲಾಪೆಟ್ಟಿಗೆಯ ಮೇಲಿತ್ತು.

“ಗುರುವಾರವೇ ತೆಗೆದಿಟ್ಟೆ ಸಾರ್,” ಎಂದ ಅಂಗಡಿಯವನು. “ಬಂದೇ ಬರ್ತೀರಿ ಅಂತ ಗೊತ್ತಿತ್ತು.”

ಸಂಜೆ ಅವಳು ಕೀಲಿ ತಿರುಗಿಸಿದಳು. ಕೆಮ್ಮು! ನಡುಕ! ಕಪ್ಪು ಹೊಗೆ! ಅಷ್ಟು ಸುಮಧುರವಾದ ಕೆಮ್ಮನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಮುಳ್ಳು ನೆಟ್ಟಗೆ ನಿಂತಿತು. ಅಡಿಯಲ್ಲಿ ಒಂದು ಹನಿಯೂ ಇಲ್ಲ. ಭಾನುವಾರ ಹೊತ್ತು ಮುಳುಗುವುದರೊಳಗೆ ಮೂರು ಎಕರೆಯೂ ಬಿತ್ತನೆಯಾಯಿತು. ಸೋಫಾ ನನಗೆ ವಾಪಸಾಯಿತು.

ಸೋಮವಾರ ಬೆಳಗ್ಗೆ ಮಳೆ ಸುರಿಯುತ್ತಿತ್ತು. ಶೆಡ್ಡಿನಲ್ಲಿ ಅವಳು ಬಿಳಿ ಬಣ್ಣದ ಡಬ್ಬ ಇಟ್ಟುಕೊಂಡು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಏನೋ ಬರೆಯುತ್ತಿದ್ದಳು. ಹತ್ತಿರ ಹೋಗಿ ಓದಿದೆ: ‘ಎಂಜಿನ್ ಆಯಿಲ್ – ದಪ್ಪದ್ದು, ನಲವತ್ತನೇ ನಂಬರ್, ಏಳು ಲೀಟರ್.’

“ಇದನ್ನ ಮೊದಲೇ ಬರೆದಿದ್ರೆ ಇಷ್ಟೆಲ್ಲ ಆಗ್ತಿತ್ತೇನೇ?” ಎಂದೆ, ಸ್ವಲ್ಪ ಧೈರ್ಯ ತಂದುಕೊಂಡು.

“ತಡೀರಿ, ಇನ್ನೂ ಮುಗಿದಿಲ್ಲ,” ಎಂದು ಕುಂಚ ಅದ್ದಿ, ಕೆಳಗೆ ಮತ್ತೂ ದಪ್ಪ ಅಕ್ಷರದಲ್ಲಿ ಬರೆದಳು: ‘ಹಾಕುವವಳು – ನಾನು. ಡಬ್ಬ ಹಿಡಿದುಕೊಳ್ಳುವವರು – ನಮ್ಮ ಯಜಮಾನರು. ಮುಚ್ಚಳ ತೆಗೆಯುವಂತಿಲ್ಲ.’

ಇಪ್ಪತ್ತು ವರ್ಷದ ಸಂಸಾರದಲ್ಲಿ ನನಗೆ ಲಿಖಿತವಾಗಿ ಸಿಕ್ಕ ಮೊದಲ ಹುದ್ದೆ ಇದು. ಮುಚ್ಚಳ ತೆಗೆಯುವ ಬಡ್ತಿಗೆ ಅಂದೇ ಅರ್ಜಿ ಹಾಕಿದ್ದೇನೆ. ಪರಿಶೀಲನೆಯಲ್ಲಿದೆಯಂತೆ!