ಹನ್ನೆರಡನೆಯ ಚೌಕದ ಕುರಿತು ಹಂಚಿಕೆ ಯಂತ್ರಕ್ಕೊಂದು ಅರಿಕೆ

ಸನ್ಮಾನ್ಯ ಶಾಲಾ ಹಂಚಿಕೆ ಯಂತ್ರದವರೇ,

ಶಿಕ್ಷಣ ಕಚೇರಿಯ ಎರಡನೆಯ ಮಹಡಿಯಲ್ಲಿ, ಗಾಜಿನ ಗೋಡೆಯ ಹಿಂದೆ, ಇಡೀ ಕಚೇರಿಯಲ್ಲಿ ತಮಗೊಬ್ಬರಿಗೇ ಮೀಸಲಾದ ತಂಪಿನಲ್ಲಿ ವಿರಾಜಮಾನರಾಗಿರುವ ತಮಗೆ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯಲ್ಲೂ ಎಲ್ಲರೂ ಕ್ಷೇಮ. ಒಬ್ಬಳನ್ನು ಮಾತ್ರ ತಾವು ನದಿಯಾಚೆಗೆ ಹಾಕಿದ್ದೀರಿ.

ಆ ಒಬ್ಬಳು ನನ್ನ ತಂಗಿ. ವಯಸ್ಸು ಆರು, ಮುಂದಿನ ಹಲ್ಲು ಎರಡಿಲ್ಲ. ಗಾತ್ರಕ್ಕಿಂತ ಸಿಡಿತವೇ ಹೆಚ್ಚಾದ್ದರಿಂದ ಮನೆಯಲ್ಲಿ ಅವಳನ್ನು ಸಾಸಿವೆ ಎನ್ನುತ್ತೇವೆ. ನಮ್ಮ ತಾಯಿ ದರ್ಜಿ. ಅವರು ಹೊಲಿಯುತ್ತ ಕೂರುವ ಕಿಟಕಿಯಿಂದ ತಲೆಯೆತ್ತಿದರೆ ರಸ್ತೆಯ ಆಚೆ ಬದಿಗೆ ಶಾಲೆಯ ಗೇಟು ಕಾಣುತ್ತದೆ. ಪೋಷಕರಿಗೆ ಆಯ್ಕೆಯೆಂಬುದೇ ಇಲ್ಲದಿದ್ದ ಆ ಅಂಧಕಾರದ ಯುಗದಲ್ಲಿ ನಮ್ಮ ಬೀದಿಯ ಮಕ್ಕಳು ಬೇರೇನೂ ತೋಚದೆ ನೇರವಾಗಿ ಆ ಗೇಟಿನೊಳಕ್ಕೆ ನಡೆದುಬಿಡುತ್ತಿದ್ದರು. ನಾನೂ ಹಾಗೆ ನಡೆದವಳೇ. ಅಂದಿನಿಂದ ಪದವಿಯ ಈ ಕೊನೆಯ ವರ್ಷದವರೆಗೆ ತರಗತಿಯ ಮೊದಲ ಸ್ಥಾನವನ್ನು ಒಮ್ಮೆಯೂ ಯಾರಿಗೂ ಬಿಟ್ಟುಕೊಟ್ಟಿಲ್ಲವೆಂಬುದನ್ನು ವಿನಯದಿಂದ, ಆದರೆ ಸಾಕಷ್ಟು ಗಟ್ಟಿಯಾಗಿ, ತಮ್ಮ ಗಮನಕ್ಕೆ ತರುತ್ತೇನೆ.

ಯಾವ ಮಗುವಿಗೆ ಯಾವ ಶಾಲೆಯೆಂದು ಹಂಚಲು ಈ ವರ್ಷ ತಾವು ಅವತರಿಸಿದಿರಿ. ‘ಪೋಷಕರೇ, ಇನ್ನು ಆಯ್ಕೆ ನಿಮ್ಮದು’ ಎಂಬ ಕೈಪಿಡಿಯೂ ಅದರೊಳಗೆ ಬೇಕಾದ ಶಾಲೆಗಳ ಹೆಸರು ಬರೆಯಲು ಹನ್ನೆರಡು ಖಾಲಿ ಚೌಕಗಳ ಅರ್ಜಿಯೂ ಮನೆ ಬಾಗಿಲಿಗೆ ಬಂದವು. ಅಮ್ಮನಿಗೆ ನಿಜವಾಗಿಯೂ ಸಂತೋಷವಾಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಕಚೇರಿಯೊಂದು ನನ್ನ ಅಭಿಪ್ರಾಯ ಕೇಳಿದೆಯಲ್ಲ ಎಂದು ಕೈ ತೊಳೆದುಕೊಂಡು ಬಂದು ಕುಳಿತರು. ಎದುರುಗಡೆಯ ಶಾಲೆಯ ಹೆಸರನ್ನು ಮೊದಲ ಚೌಕದಲ್ಲಿ ನನ್ನಿಂದ ಬರೆಸಿ, “ಸಾಕು ಬಿಡೇ, ನಮಗೆ ಬೇಕಾಗಿರೋದು ಒಂದೇ ತಾನೆ? ಉಳಿದಿದ್ದು ಹಾಗೇ ಇರ್ಲಿ” ಎಂದರು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಖಾಲಿ ಬಿಟ್ಟ ಉತ್ತರಕ್ಕೆ ಸೊನ್ನೆ, ಏನಾದರೂ ಗೀಚಿದರೆ ಅರ್ಧ ಅಂಕವಾದರೂ ಸಿಗುತ್ತದೆ ಎಂಬುದು ಇಷ್ಟು ವರ್ಷಗಳ ಪರೀಕ್ಷೆಗಳು ನನಗೆ ಬೋಧಿಸಿದ ಬ್ರಹ್ಮಸೂತ್ರ. “ಅಮ್ಮಾ, ಇದೆಲ್ಲ ನಿಂಗೆ ಗೊತ್ತಾಗಲ್ಲ, ಸುಮ್ನಿರು” ಎಂದು ಗದರಿ, ದುಂಡಗಿನ ಅಕ್ಷರದಲ್ಲಿ ಉಳಿದ ಚೌಕಗಳನ್ನೂ ತುಂಬತೊಡಗಿದೆ. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಊರಿನ ಶಾಲೆಗಳೇ ಮುಗಿದುಹೋಗಿದ್ದವು. ಆಗ ಕೈಪಿಡಿಯ ಕಟ್ಟಕಡೆಯ ಪುಟದಲ್ಲಿದ್ದ ನದಿಯಾಚೆಯ ಶಾಲೆಯೊಂದನ್ನು, ಅದರ ಹೆಸರು ಚೌಕದೊಳಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆಂಬ ಒಂದೇ ಕಾರಣಕ್ಕೆ, ಬರೆದೆ.

ತಾವು ಅದನ್ನೇ ಕರುಣಿಸಿದಿರಿ. ಎರಡು ಬಸ್ಸು, ಒಂದು ದೋಣಿ, ಆಮೇಲೆ ಕಾಲ್ನಡಿಗೆ. ಬೆಳಿಗ್ಗೆ ಹೊರಟ ಮಗು ತಲುಪುವ ಹೊತ್ತಿಗೆ ಅಲ್ಲಿ ಊಟದ ಗಂಟೆ ಹೊಡೆದಿರುತ್ತದೆ. ಉಂಡ ಕೂಡಲೇ ಹೊರಟರೆ ಕತ್ತಲಾಗುವ ಮುನ್ನ ಮನೆ ಸೇರಬಹುದು. ಪಾಠದ ಗೋಜೇ ಇಲ್ಲದ ಇಂಥ ಶಿಕ್ಷಣವನ್ನು ಯಾವ ಪಂಡಿತರೂ ಇದುವರೆಗೆ ಕಂಡುಹಿಡಿದಿರಲಿಲ್ಲ.

ಕಾರಣ ಕೇಳಲು ತಮ್ಮ ಕೌಂಟರಿಗೆ ಹೋದೆವು. ಅಲ್ಲಿದ್ದ ಮಹಿಳೆ ತಲೆಯೆತ್ತದೆಯೇ, “ನೀವೇ ಕೇಳಿದ್ದಲ್ವಾ? ಮೆಷಿನ್ ಏನು ತಾನಾಗೇ ಬರ್ಕೊಂಡಿತಾ?” ಎಂದು ವಿಚಾರಿಸಿಕೊಂಡರು. ಒಂದೇ ಶಾಲೆ ಬರೆದವರಿಗೆ ಬೇರೆ ಗತಿಯಿಲ್ಲವೆಂದು ತಾವು ಮೊದಲು ಅವರಿಗೆ ಹಂಚಿದಿರಂತೆ. ಹನ್ನೆರಡು ಬರೆದವರು ಎಲ್ಲಿ ಹಾಕಿದರೂ ಹೊಂದಿಕೊಳ್ಳುವ ಜಾತಿಯೆಂದು ಕೊನೆಗೆ ಉಳಿಸಿಕೊಂಡಿರಂತೆ. ಹೀಗಾಗಿ ನಮ್ಮ ಪಕ್ಕದ ಕ್ಷೌರಿಕರು, ಅರ್ಜಿ ತುಂಬಲು ಬೇಸರವಾಗಿ ಒಂದೇ ಹೆಸರು ಗೀಚಿ ಕೊಟ್ಟವರು, ಮಗನನ್ನು ಎದುರಿನ ಶಾಲೆಗೆ ಸೇರಿಸಿ ಮೀಸೆ ತಿರುವುತ್ತಿದ್ದಾರೆ. ಆಯ್ಕೆ ಹೆಚ್ಚಿದಷ್ಟೂ ಬೇಕಾದದ್ದು ದೂರವಾಗುವ ಈ ತತ್ತ್ವವನ್ನು ಋಷಿಮುನಿಗಳು ಕಾಡಿಗೆ ಹೋಗಿ ಕಂಡುಕೊಳ್ಳಬೇಕಾಗಿತ್ತು. ತಾವು ಕುಳಿತಲ್ಲೇ ಸಾಧಿಸಿದ್ದೀರಿ.

ಲಿಫ್ಟು ರಿಪೇರಿ ಮಾಡುವ ನಮ್ಮ ತಂದೆ ಮಿತಭಾಷಿ. ಅವರು ಅರ್ಜಿಯ ಪ್ರತಿಯನ್ನು ಓದಿ, “ಹನ್ನೆರಡು ಬಟನ್ ಇದೆ ಅಂತ ಹನ್ನೆರಡನ್ನೂ ಒತ್ತಿಬಿಡೋದಾ, ತಾಯಿ? ನೀನು ಫಸ್ಟ್ ರ‍್ಯಾಂಕು ಬೇರೆ” ಎಂದು ಕನ್ನಡಕ ಒರೆಸಿಕೊಂಡರು. ಇಷ್ಟು ವರ್ಷಗಳ ಅಂಕಪಟ್ಟಿಗಳನ್ನು ಒಂದೇ ವಾಕ್ಯದಲ್ಲಿ ಹರಿದುಹಾಕಿದ ಕೀರ್ತಿಯಲ್ಲಿ ಅರ್ಧ ಪಾಲು ತಮಗೂ ಸಲ್ಲಬೇಕು.

ಆದಕಾರಣ ಕೆಲವು ಸಣ್ಣ ಬೇಡಿಕೆಗಳು. ಮೊದಲನೆಯದಾಗಿ, ನದಿಯನ್ನು ಊರಿನಿಂದ ಕೊಂಚ ಆಚೆಗೆ ಸರಿಸಿಕೊಡಬೇಕು. ಅದು ಬೇರೆ ಇಲಾಖೆಗೆ ಸೇರುವುದಾದರೆ, ತಾವೇ ದಿನವೂ ಬೆಳಿಗ್ಗೆ ಬಂದು ಸಾಸಿವೆಯ ಕೈಹಿಡಿದು ದೋಣಿ ಹತ್ತಿಸಬೇಕು. ದಾರಿಯುದ್ದಕ್ಕೂ ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವಷ್ಟು ಬುದ್ಧಿ ತಮಗಿದೆಯೋ ಇಲ್ಲವೋ ಎಂಬುದೂ ಈ ನೆಪದಲ್ಲಿ ಗೊತ್ತಾಗಲಿ. ಇನ್ನು, ನಮಗೆ ಆಯ್ಕೆ ಮಾಡಿಕೊಳ್ಳಲು ತಮ್ಮಂಥ ಹನ್ನೆರಡು ಯಂತ್ರಗಳ ಪಟ್ಟಿಯನ್ನೂ ಕೊಡಿಸಿದರೆ ಉಪಕಾರವಾಗುತ್ತದೆ. ಹನ್ನೆರಡನೆಯ ಚೌಕದಲ್ಲಿ ತಮ್ಮ ಹೆಸರನ್ನು ನಾನೇ ಬರೆಯುತ್ತೇನೆ.

ತಮಾಷೆ ಸಾಕು. ಶಾಲೆ ಆರಂಭವಾಗಿ ಹದಿನೇಳು ದಿನಗಳಾದವು. ಮೊದಲ ದಿನವೇ ಅಮ್ಮ ಯಾರನ್ನೂ ಕೇಳದೆ ಸಾಸಿವೆಯನ್ನು ರಸ್ತೆ ದಾಟಿಸಿ ಎದುರಿನ ಶಾಲೆಗೆ ಕರೆದೊಯ್ದರು. ಮುಖ್ಯೋಪಾಧ್ಯಾಯಿನಿ ಪಟ್ಟಿ ನೋಡಿ, ಮಗುವನ್ನು ನೋಡಿ, “ಹೆಸರು ಯಾವಾಗಾದ್ರೂ ಬರ್ಲಿ, ಮಗು ಬಂದಿದೆಯಲ್ಲ, ಕೂತ್ಕೊಳ್ಲಿ” ಎಂದರು. ಹಾಜರಿ ಕರೆಯುವಾಗ ಅವಳ ಹೆಸರು ಬರುವುದಿಲ್ಲ. ಎಲ್ಲರದೂ ಮುಗಿದ ಮೇಲೆ ತಾನಾಗಿಯೇ ಎದ್ದುನಿಂತು “ನಾನೂ ಇದ್ದೀನಿ ಮಿಸ್” ಎನ್ನುತ್ತಾಳಂತೆ. ಈ ತಿಂಗಳ ಕೊನೆಗೆ ತಪಾಸಣೆಯವರು ಬಂದು ತಲೆಯೆಣಿಸುತ್ತಾರೆ. ಪಟ್ಟಿಯಲ್ಲಿಲ್ಲದ ತಲೆಯನ್ನು ಎಬ್ಬಿಸಿ ಹೊರಗೆ ಕಳಿಸಬೇಕಾಗುತ್ತದೆ ಎಂದು ಮುಖ್ಯೋಪಾಧ್ಯಾಯಿನಿ ಅಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದ್ದಾರೆ. ಆದ್ದರಿಂದ, ತಪ್ಪು ಬರೆದವಳು ನಾನು, ಶಿಕ್ಷೆ ಅವಳಿಗೆ ಬೇಡ ಎಂದು ಮನ್ನಿಸಿ, ಆ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿಸಬೇಕಾಗಿ ಪ್ರಾರ್ಥನೆ. ನಾನು ಯಾರ ಮುಂದೆಯೂ ಹೀಗೆ ಬೇಡಿಕೊಂಡವಳಲ್ಲ. ಅಭ್ಯಾಸವಿಲ್ಲದ ಕಾರಣ ವಾಕ್ಯ ಬಿಗಿಯಾಗಿದ್ದರೆ ಕ್ಷಮಿಸುವುದು.

ಎಲ್ಲಿ ಹಾಕಿದರೂ ಹೊಂದಿಕೊಳ್ಳದ,
ಆದರೂ ತಮ್ಮ ವಿಶ್ವಾಸಿ,
ಸಾಸಿವೆಯ ಅಕ್ಕ

ಮರೆತ ಮಾತು: ನದಿಯಾಚೆಯ ಶಾಲೆಗೆ ಮಗು ಮೊದಲ ದಿನದಿಂದಲೂ ಗೈರುಹಾಜರೆಂದು ತಾವು ಕಳಿಸಿದ ನೋಟಿಸು ನಿನ್ನೆ ತಲುಪಿತು. ಅದರಲ್ಲೂ ಪೋಷಕರಿಗೆ ಆಯ್ಕೆಯಿದೆ: ಕಾಯಿಲೆ, ಪ್ರವಾಸ, ಸಾವು, ಇತರೆ. ನಾನು ಕಾಲೇಜಿನಿಂದ ಬರುವವರೆಗೆ ಅಮ್ಮ ಕಾಯಲಿಲ್ಲ. ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಲ್ಲಿ ‘ಇತರೆ’ ಎಂಬುದಕ್ಕೆ ಗುರುತು ಹಾಕಿ, ಕಾರಣ ಬರೆಯುವ ಜಾಗದಲ್ಲಿ ಸ್ವಂತ ಕೈಯಿಂದ ಬರೆದು ಅಂಚೆಗೆ ಹಾಕಿಬಿಟ್ಟಿದ್ದಾರೆ: “ಮಗಳು ಶಾಲೆಗೆ ಹೋಗಿದ್ದಾಳೆ.”